ಹೆಸರು ಓದಿದರು, ಹಾಡು ಕೇಳಲಿಲ್ಲ

ಇವತ್ತು ಆರಾಧನೆ ಮುಗಿಸಿ ಬರುವಾಗ ಕಾರಲ್ಲಿ ಸ್ಟ್ರೈಪರ್ ಹಾಕಿದ್ದೆ, ಅಮೆರಿಕದ ಕ್ರೈಸ್ತ ಮೆಟಲ್ ತಂಡ. ನನ್ನ ಕಾರು ಹತ್ತಿದವರಿಗೆಲ್ಲ ಇರೋ ಗ್ರಹಚಾರವೇ ಇದು, ಹೊಸದೇನಲ್ಲ. ಹಿಂದೆ ಕೂತಿದ್ದ ದೊಡ್ಡಮ್ಮ 'ದಿ ವ್ಯಾಲಿ' ಹಾಡಿಗೆ ಮಂಡಿ ಮೇಲೆ ತಾಳ ಹಾಕ್ತಿದ್ರು, ಕನ್ನಡಿಯಲ್ಲಿ ಕಣ್ಣಾರೆ ನೋಡಿದೀನಿ. ಅಷ್ಟರಲ್ಲಿ ಸ್ಕ್ರೀನ್ ಮೇಲಿದ್ದ ಆಲ್ಬಮ್ ಹೆಸರು ಕಾಣಿಸ್ತು ನೋಡಿ: 'ಗಾಡ್ ಡ್ಯಾಮ್ ಈವಿಲ್'.

ತಾಳ ನಿಂತುಹೋಯ್ತು. "ಭಾನುವಾರದ ದಿನ ಏನೋ ಇದು ಅನಿಷ್ಟ, ಆರ್ಸು."

ಆರಿಸಿದೆ. ಪುಕ್ಕಲ ನಾನು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಾರ್ತಿದೀನಿ, ಸಹಿಸಿಕೊಳ್ಳಿ.

ಆ ಹೆಸರು ಕನ್ನಡದಲ್ಲಾಗಿದ್ರೆ ಈ ರಗಳೆಯೇ ಇರ್ತಿರಲಿಲ್ಲ. 'ದೇವರೇ, ಕೇಡನ್ನು ಶಪಿಸು' ಅಂದ್ರೆ ಪ್ರಾರ್ಥನೆ, ಅನುಮಾನಕ್ಕೆ ಜಾಗವೇ ಇಲ್ಲ. ಪಾಪದ ಇಂಗ್ಲಿಷಿನಲ್ಲಿ ಬೈಗುಳಕ್ಕೂ ಪ್ರಾರ್ಥನೆಗೂ ಅವೇ ಪದಗಳು. 2018ರಲ್ಲಿ ಆಲ್ಬಮ್ ಬಂದಾಗ ಅಮೆರಿಕದಲ್ಲಿ ವಾಲ್‌ಮಾರ್ಟ್ ಅಂಗಡಿಯವರೂ ಹೆಸರು ನೋಡಿಯೇ ಮಾರೋದು ಬೇಡ ಅಂದ್ರು. ದೊಡ್ಡಮ್ಮನಿಗೂ ವಾಲ್‌ಮಾರ್ಟ್‌ಗೂ ಒಂದೇ ಅಭಿಪ್ರಾಯ ಅಂದ್ರೆ ನಾನೇನು ಹೇಳಲಿ.

ಸ್ಟ್ರೈಪರ್‌ನವರ ಹಣೆಬರಹವೇ ಹಾಗೆ. 1986ರಲ್ಲಿ 'ಟು ಹೆಲ್ ವಿತ್ ದ ಡೆವಿಲ್' ಆಲ್ಬಮ್ ಬಂದಾಗಲೂ ಇದೇ ಕಥೆ. ಸೈತಾನನನ್ನ ದೇವದೂತರು ನರಕಕ್ಕೆ ದಬ್ಬುವ ಚಿತ್ರ. ನೋಡಿದವರಿಗೆ ಸೈತಾನ ಕಾಣಿಸಿದ, ದಬ್ಬುವವರು ಕಾಣಲಿಲ್ಲ. ಮುಖಪುಟವನ್ನೇ ಬದಲಿಸಬೇಕಾಯ್ತು. ಇವರು ಹಾಕೋ ಆ ಹಳದಿ-ಕಪ್ಪು ಪಟ್ಟೆ ಬಟ್ಟೆ ನೋಡಿ ನಕ್ಕವರೆಷ್ಟೋ. ಅದರ ಮೂಲ ಬೈಬಲಿನ ಯೆಶಾಯ 53:5, ಇಂಗ್ಲಿಷಲ್ಲಿ 'ಸ್ಟ್ರೈಪ್ಸ್'. ನಮ್ಮ ಕನ್ನಡ ಬೈಬಲಿನಲ್ಲಿ ಅದು ಪಟ್ಟೆಯಲ್ಲ, ಬಾಸುಂಡೆ. ಗುಣಮಾಡುವ ಬಾಸುಂಡೆ! ಅದನ್ನ ಮೈಮೇಲೆ ಹಾಕ್ಕೊಂಡು ಕುಣಿದವರು ಇವರು. ಕುಣಿಯೋದು ಅಂದ್ರೆ ಅಕ್ಷರಶಃ, ವೇದಿಕೆಯಿಂದ ಬೈಬಲ್ ಎಸೀತಾ.

ಮೆಟಲ್ ಕಡೆಯವರೇನು ಕಮ್ಮಿಯಿಲ್ಲ. ನನ್ನ ಮೆಟಲ್ ಗೆಳೆಯನೊಬ್ಬ ಇದಕ್ಕೆ 'ಭಜನೆ ಮೆಟಲ್' ಅಂತಾನೆ. ಒಂದು ಹಾಡೂ ಕೇಳಿಲ್ಲ ಮಹಾಶಯ. 'ಗಾಡ್ ಡ್ಯಾಮ್ ಈವಿಲ್'ನ ಮೊದಲ ಹಾಡು 'ಟೇಕ್ ಇಟ್ ಟು ದ ಕ್ರಾಸ್'ನಲ್ಲಿ ಶ್ಯಾಡೋಸ್ ಫಾಲ್ ತಂಡದ ಮ್ಯಾಟ್ ಬಚಾಂಡ್ ಬಂದು ಗಂಟಲು ಹರಿದು ಗರ್ಜಿಸ್ತಾನೆ, ಹಳೇ ಭಕ್ತರೇ ಬೆಚ್ಚಿಬಿದ್ದ ಹಾಡು ಅದು. 1983ರಲ್ಲಿ ಶುರುವಾದ ತಂಡ, ಹಾಡುಗಾರ ಮೈಕಲ್ ಸ್ವೀಟ್ ಇನ್ನೂ ಆ ಎತ್ತರದ ಸ್ವರ ಹಿಡೀತಾನೆ ಅಂದ್ರೆ ಹೊಟ್ಟೆಕಿಚ್ಚಾಗುತ್ತೆ. ನಂಗೆ ಮೆಟ್ಟಿಲು ಹತ್ತಿದ್ರೆ ಏದುಸಿರು.

'ಗಲಾಟೆ ಆಗ್ಲಿ ಅಂತಲೇ ಇಟ್ಟ ಹೆಸರು' ಅಂತ ಕಾಮೆಂಟಲ್ಲಿ ಬರೋರು ಬರ್ತೀರಿ. ಇರಬಹುದು. ಆದ್ರೆ ನಿಂದಾಸ್ತುತಿ ಹಾಡಿದ ದಾಸರ ನಾಡಲ್ಲಿ ಕೂತು ನೀವು ಇದನ್ನ ಹೇಳಬಾರದು ಅಷ್ಟೇ.

ಸರಿ, ನಂದೂ ಒಪ್ಪಿಕೊಳ್ತೀನಿ. ಕಾಲೇಜಲ್ಲಿ ಸ್ಟ್ರೈಪರ್ ಕ್ಯಾಸೆಟ್ಟನ್ನ ಮೆಟಾಲಿಕಾ ಡಬ್ಬಿಯೊಳಗೆ ಬಚ್ಚಿಡ್ತಿದ್ದೆ. ಗೆಳೆಯರ ಮುಂದೆ ನಾಚಿಕೆ. ಹೊದಿಕೆ ನೋಡಿ ಅಳೆಯುವವರನ್ನ ಬೈಯೋಕೆ ನಾನ್ಯಾರು?

ಆದ್ರೂ ಬೈತೀನಿ. ಯಾಕಂದ್ರೆ ದೊಡ್ಡಮ್ಮ ತಾಳ ಹಾಕ್ತಿದ್ದ ಆ 'ದಿ ವ್ಯಾಲಿ' ಇದೆಯಲ್ಲ, ಅದು 23ನೇ ಕೀರ್ತನೆ! ಕಾರ್ಗತ್ತಲ ಕಣಿವೆ, ಕೇಡಿಗೆ ಹೆದರದಿರುವುದು, ಅದೇ. ಅವರಿಗೆ ಬಾಯಿಪಾಠ, ರಾತ್ರಿ ಮಲಗೋ ಮುಂಚೆ ಹೇಳ್ಕೊಳ್ಳೋದೂ ಅದನ್ನೇ.

ಮುಂದಿನ ಭಾನುವಾರ ಸ್ಕ್ರೀನ್ ಮೇಲೆ ಕರ್ಚೀಫ್ ಹಾಕಿ ಅದನ್ನೇ ಹಾಕ್ತೀನಿ. ಕೇಳಿದ್ರೆ ಇಂಗ್ಲಿಷ್ ಕೀರ್ತನೆ ಅಂತೀನಿ. ಸುಳ್ಳಲ್ವಲ್ಲ.