ಪಠ್ಯ ಪುಕ್ಕಟೆ ಸಿಕ್ಕರೆ ಸಾಲದು, ತಿದ್ದಲೂ ಬಿಡಬೇಕು

ನನ್ನ ಊರು ಸೋಮವಾರಪೇಟೆ. ಈಗಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಇಲ್ಲಿನ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಹುಡುಗರ ವರದಿ, ಪತ್ರಗಳನ್ನು ನೋಡಿ ತಿದ್ದಿಸುವ ಕೆಲಸ. ಅಣ್ಣನ ಮಗಳು ಕೊಡಗಿನಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಹಾಗಾಗಿ ಎರಡೂ ಕಡೆಯ ಸುದ್ದಿ ಕಿವಿಗೆ ಬೀಳುತ್ತಿರುತ್ತದೆ.

ಇಲ್ಲಿ ಮುಕ್ತ ಪಠ್ಯದ ಮಾತು, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಿ, ತಿದ್ದಿ, ಹಂಚಬಹುದಾದ ಪಠ್ಯದ ಮಾತು, ಜೋರಾಗಿದ್ದು ದುಡ್ಡಿನ ಕಾರಣಕ್ಕೆ. ಒಂದು ಪಠ್ಯಪುಸ್ತಕದ ಬೆಲೆ ನೂರು ಡಾಲರ್ ದಾಟುವುದು ಮಾಮೂಲು. 2012ರಲ್ಲಿ ಪ್ರಾಂತ್ಯದ ಸರ್ಕಾರವೇ ಮುಂದೆ ಬಂದು, ಹೆಚ್ಚು ಮಕ್ಕಳು ಸೇರುವ 40 ಕೋರ್ಸ್‌ಗಳಿಗೆ ಮುಕ್ತ ಪಠ್ಯ ಕೊಡುತ್ತೇವೆ ಎಂದಿತು. ಬಿಸಿಕ್ಯಾಂಪಸ್ ಎಂಬ ಸಂಸ್ಥೆ ಆ ಕೆಲಸ ಹೊತ್ತುಕೊಂಡಿತು. 2019ರಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯದಿಂದ ತಾಂತ್ರಿಕ ಬರವಣಿಗೆಯ ಮುಕ್ತ ಪಠ್ಯವೂ ಬಂತು. ಅದರ ಲೈಸೆನ್ಸ್ ಸಿಸಿ ಬೈ, ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್‌ಗಳಲ್ಲಿ ಒಂದು. ಮೂಲ ಲೇಖಕರ ಹೆಸರು ಹಾಕಿ, ಏನು ಬದಲಿಸಿದಿರಿ ಎಂದು ತಿಳಿಸಿದರೆ ಆಯಿತು. ಕತ್ತರಿಸಬಹುದು, ಸೇರಿಸಬಹುದು, ಕನ್ನಡಕ್ಕೂ ತರಬಹುದು. ಯಾರಿಗೂ ಪತ್ರ ಬರೆದು ಅನುಮತಿ ಕೇಳಬೇಕಿಲ್ಲ.

ಆದರೆ ಕೊಡಗಿನಲ್ಲಿ ದುಡ್ಡಿನ ವಾದ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಪುಸ್ತಕಕ್ಕೆ ಯಾರು ದುಡ್ಡು ಸುರಿಯುತ್ತಾರೆ? ವಾಟ್ಸಾಪ್‌ನಲ್ಲಿ ಪಿಡಿಎಫ್ ಬರುತ್ತದೆ, ಇಲ್ಲವೇ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ಸಿಗುತ್ತದೆ. ತರಗತಿಯ ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿಸುವುದನ್ನು 2016ರಲ್ಲಿ ದೆಹಲಿ ಹೈಕೋರ್ಟ್ ಕೂಡ ಒಪ್ಪಿದೆ. ಓದಲು ಸಿಗುವುದು ಅಲ್ಲಿ ದೊಡ್ಡ ಕಷ್ಟವಲ್ಲ. ಸಿಕ್ಕಿದ್ದನ್ನು ನಮ್ಮ ಊರಿಗೆ ಹೊಂದಿಸಿಕೊಂಡು ಹಂಚಲು ಹಕ್ಕಿಲ್ಲ. ಹಕ್ಕಿರುವ ಕಡೆಯೂ ಯಾರೂ ಬಳಸುವುದಿಲ್ಲ. ನನ್ನ ತಕರಾರು ಅದು.

ಆನ್‌ಲೈನ್ ವಿಡಿಯೊ ಪಾಠಗಳ ನಮ್ಮ ಎನ್‌ಪಿಟಿಇಎಲ್ ಯೋಜನೆ ನೋಡಿ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಅದರ ಪಾಠಗಳು ಸಿಸಿ ಬೈ-ಎಸ್‌ಎ ಲೈಸೆನ್ಸ್‌ನಲ್ಲಿವೆ. ನೀವು ಬದಲಿಸಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು, ಷರತ್ತು ಅಷ್ಟೆ. ಆದರೂ ನಮ್ಮವರು ವಿಡಿಯೊ ನೋಡಿ, ಸರ್ಟಿಫಿಕೇಟ್ ತಗೊಂಡು ಸುಮ್ನಾಗುತ್ತಾರೆ. ಇನ್ನೊಂದು ಕಡೆ, ಎಲ್ಲರೂ ಬಳಸುವ ಪರ್ಡ್ಯೂ ವಿಶ್ವವಿದ್ಯಾಲಯದ ಬರವಣಿಗೆಯ ಪಾಠಗಳು ಓದಲು ಉಚಿತ, ತಿದ್ದಿ ಹಂಚಲು ಮುಕ್ತವಲ್ಲ. ಲೈಸೆನ್ಸ್‌ನಲ್ಲಿ ಎನ್‌ಡಿ ಎಂದಿದ್ದರೂ ಅಷ್ಟೆ, ಬದಲಿಸಿದ ಪ್ರತಿ ಹಂಚುವಂತಿಲ್ಲ. ಪುಟದ ಕೊನೆಯ ಆ ಸಣ್ಣ ಸಾಲನ್ನು ನಮ್ಮಲ್ಲಿ ಎಷ್ಟು ಜನ ಓದುತ್ತಾರೆ?

ಈ ಹೊಂದಿಸಿಕೊಳ್ಳುವಿಕೆ ಬರವಣಿಗೆಯ ಪಾಠಕ್ಕೇ ಯಾಕೆ ಜಾಸ್ತಿ ಬೇಕು? ಥರ್ಮೋಡೈನಮಿಕ್ಸ್ ಪೊನ್ನಂಪೇಟೆಯಲ್ಲೂ ಒಂದೇ, ವ್ಯಾಂಕೂವರ್‌ನಲ್ಲೂ ಒಂದೇ. ಆದರೆ ಯಾರಿಗೆ ಬರೆಯುತ್ತಿದ್ದೇವೆ, ಅವರು ಅದನ್ನು ಓದಿ ಏನು ಮಾಡಬೇಕು ಎಂಬುದು ಊರಿಂದ ಊರಿಗೆ ಬೇರೆ. ಕೆನಡಾದ ಪಠ್ಯದಲ್ಲಿ ಕೆನಡಾದ ಕಂಪನಿ, ಕೆನಡಾದ ನಗರಸಭೆ ಇರುತ್ತವೆ. ಕುಶಾಲನಗರದ ಹುಡುಗನಿಗೆ ಅವು ಯಾಕೆ? 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಾಗ ಈಗಿನ ವಿದ್ಯಾರ್ಥಿಗಳು ಶಾಲೆಯಲ್ಲಿದ್ದರು. ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿಯುವುದು ಅಂದರೇನು ಎಂದು ಅವರಿಗೆ ಯಾರೂ ವಿವರಿಸಬೇಕಿಲ್ಲ. ಅವರಿಗೆ ಹೀಗೆ ಹೇಳಿ: ನಿಮ್ಮ ಮನೆ ಹತ್ತಿರದ ಮೋರಿ ಕಟ್ಟಿಕೊಂಡಿದೆ, ನೀರು ಬರೆಯೊಳಗೆ ಇಳಿಯುತ್ತಿದೆ, ಮಳೆಗಾಲಕ್ಕೆ ಮುಂಚೆ ಏನು ಮಾಡಬೇಕು ಎಂದು ಪಂಚಾಯಿತಿಗೆ ಎರಡು ಪುಟದ ವರದಿ ಬರೆಯಿರಿ. ಅಥವಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಬಿಚ್ಚಿ ತೊಳೆಯುವ ಸೂಚನೆ ಬರೆಯಲಿ. ಓದುವವರು ತೋಟದ ಲೈನ್ ಮನೆಯ ಕಾರ್ಮಿಕರು. ಅವರಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ, ಕನ್ನಡವೂ ಬಾರದು, ಇಂಗ್ಲಿಷೂ ಬಾರದು. ಆಗ ಚಿತ್ರ ಎಲ್ಲಿ ಹಾಕಬೇಕು, ಎಚ್ಚರಿಕೆಯ ಮಾತು ಮೊದಲು ಬರಬೇಕೋ ಆಮೇಲೋ ಎಂದು ಹುಡುಗರು ತಾವೇ ತಲೆ ಕೆಡಿಸಿಕೊಳ್ಳುತ್ತಾರೆ.

ಕಾಲೇಜಿನಲ್ಲಿ ಆಗಿದ್ದು ಬೇರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಮೊದಲ ವರ್ಷಕ್ಕೆ ಇಂಗ್ಲಿಷ್ ಬರವಣಿಗೆಯದೇ ಒಂದು ಕೋರ್ಸ್ ಇತ್ತು. ಒಂದು ಕ್ರೆಡಿಟ್. ಕೊನೆಯ ಪರೀಕ್ಷೆ ಒಂದು ಗಂಟೆಯ ಬಹು ಆಯ್ಕೆ ಪ್ರಶ್ನೆಗಳು. "ಚಿಕ್ಕಪ್ಪ, ಬರೆಯೋ ಪೇಪರ್‌ನಲ್ಲಿ ಒಂದು ವಾಕ್ಯನೂ ಬರೀಲಿಲ್ಲ, ಬರೀ ಟಿಕ್ ಹಾಕಿ ಬಂದೆ" ಅಂದಳು ಅಣ್ಣನ ಮಗಳು. ಲಕ್ಷಗಟ್ಟಲೆ ಉತ್ತರಪತ್ರಿಕೆ ತಿದ್ದುವ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಟಿಕ್ ಹಾಕುವ ಪರೀಕ್ಷೆ ಇರುವ ತನಕ ಹುಡುಗರಿಗೆ ಬೇಕಾಗುವುದು ಪ್ರಶ್ನೆ-ಉತ್ತರದ ಪಿಡಿಎಫ್ ಮಾತ್ರ, ಎಷ್ಟೇ ಒಳ್ಳೆಯ ಮುಕ್ತ ಪಠ್ಯ ತಂದಿಟ್ಟರೂ.

ಕೆನಡಾದಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಯಾವ ಪಠ್ಯ ಬೇಕೆಂದು ಅಧ್ಯಾಪಕರೇ ಆರಿಸಿಕೊಳ್ಳಬಹುದು, ನಿಜ. ಆದರೆ ಬಹಳ ಜನ ಮುಕ್ತ ಪಠ್ಯವನ್ನು ಇದ್ದ ಹಾಗೇ ಎತ್ತಿಕೊಳ್ಳುತ್ತಾರೆ, ಒಂದು ಪುಟವನ್ನೂ ಮುಟ್ಟುವುದಿಲ್ಲ. ಟರ್ಮ್ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಪಠ್ಯ ತಿದ್ದಿದ್ದಕ್ಕೆ ಪ್ರತ್ಯೇಕ ದುಡ್ಡು ಸಿಗುವುದು ಅಪರೂಪ. ನಮ್ಮ ಕಡೆಯ ಗೆಸ್ಟ್ ಲೆಕ್ಚರರ್‌ಗಳ ಪಾಡೂ ಇದೇ ಅಲ್ವಾ.

ಒಂದು ಕ್ರೆಡಿಟ್ ಕೋರ್ಸಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದು ಕೇಳಬಹುದು. ಇಡೀ ಪಠ್ಯ ಬೇಡ, ಒಂದು ಅಧ್ಯಾಯ ಸಾಕು. ವರದಿ ಬರೆಯುವ ಅಧ್ಯಾಯ ತೆಗೆದುಕೊಂಡು, ಉದಾಹರಣೆ ಬದಲಿಸಿ, ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಪಕ್ಕದಲ್ಲಿ ಕನ್ನಡ ಟಿಪ್ಪಣಿ ಹಾಕಿ, ಪ್ರಿಂಟ್ ಕೊಡಬಹುದು. ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಓದಲು ಅದೇ ಸರಿ. ಪರೀಕ್ಷೆಯ ಕ್ರಮ ಬೆಳಗಾವಿಯ ವಿಟಿಯು ಕಚೇರಿಯಲ್ಲಿ ತೀರ್ಮಾನವಾಗುತ್ತದೆ, ಅದು ಲೆಕ್ಚರರ್ ಕೈಯಲ್ಲಿಲ್ಲ. ಆದರೆ ಇಂಟರ್ನಲ್‌ನ 50 ಅಂಕ ಕಾಲೇಜಿನಲ್ಲೇ ಕೊಡುವುದು. ಅದರಲ್ಲಿ ಅಸೈನ್‌ಮೆಂಟ್‌ಗೆ ಸಿಗುವ ಅಂಕಗಳನ್ನಾದರೂ ಆ ಮೋರಿಯ ವರದಿಗೆ ಇಡಲಿ.