ಎಫ್1 ಆಸ್ತಿ ಪಾಲಾದ ಕಥೆ

ಹೊಸ ಸೂಪರ್‌ಕಾರ್ ಬಂದಾಗಲೆಲ್ಲ ಅದೇ ಮಾತು ಶುರುವಾಗುತ್ತದೆ. "ಇದೇ ನೋಡಿ, ಮೆಕ್ಲಾರೆನ್ ಎಫ್1ನ ನಿಜವಾದ ವಾರಸುದಾರ." ಎಫ್1 ಅಂದರೆ ಇಲ್ಲಿ ಫಾರ್ಮುಲಾ 1 ರೇಸ್ ಅಲ್ಲ, ಆ ರೇಸ್ ತಂಡ ಮೆಕ್ಲಾರೆನ್ 1990ರ ದಶಕದಲ್ಲಿ ರಸ್ತೆಗೆ ಅಂತ ಮಾಡಿದ ಕಾರು. 2024ರ ಅಕ್ಟೋಬರ್‌ನಲ್ಲಿ ಮೆಕ್ಲಾರೆನ್‌ನ ಹೊಸ ಕಾರು ಡಬ್ಲ್ಯೂ1 ಬಂದಾಗ ಕಂಪನಿಯೇ ಹಾಗೆ ಹೇಳಿಕೊಂಡಿತು. ಅದರ ತಾಕತ್ತು 1,275 ಹಾರ್ಸ್‌ಪವರ್. ಎಫ್1ಗೆ ಇದ್ದದ್ದು 627. ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಡಬ್ಲ್ಯೂ1 ಗಂಟೆಗೆ 350 ಕಿ.ಮೀ.ಗೆ ನಿಲ್ಲುತ್ತದೆ. 1998ರಲ್ಲಿ ಜರ್ಮನಿಯ ಏರಾ-ಲೆಸ್ಸೀನ್ ಟ್ರ್ಯಾಕ್‌ನಲ್ಲಿ ಎಫ್1ನ ಹಳೇ ಪ್ರೊಟೊಟೈಪ್ ಒಂದು, ಎಂಜಿನ್ ತಿರುಗುವ ವೇಗಕ್ಕಿದ್ದ ಮಿತಿಯನ್ನು (ರೆವ್ ಲಿಮಿಟರ್) ಏರಿಸಿಕೊಂಡು, 386 ಮುಟ್ಟಿತ್ತು!

ಹಾಗಂತ ನಾನು ವೇಗದ ಲೆಕ್ಕ ಹಿಡಿದು ಜಗಳಕ್ಕೆ ನಿಂತಿಲ್ಲ. 2005ರಲ್ಲೇ ಬುಗಾಟಿ ವೇರಾನ್ 400 ದಾಟಿತು. ಅದನ್ನು ಎಫ್1ನ ಮಗ ಅಂತ ಯಾರಾದರೂ ಕರೆದರಾ? ಇಲ್ಲ. ವೇರಾನ್ 1,888 ಕೆ.ಜಿ., ಎಫ್1 1,138 ಕೆ.ಜಿ. ಎರಡೂ ಬೇರೆ ಬೇರೆ ಜಾತಿಯ ಪ್ರಾಣಿಗಳು.

ಎಫ್1 ಹುಟ್ಟಿದ್ದು ಒಂದು ಸೋಲಿನ ದಿನ. 1988ರ ಇಟಲಿ ಗ್ರ್ಯಾನ್ ಪ್ರಿ ಮುಗಿದಿತ್ತು. ಆ ವರ್ಷದ 16 ರೇಸ್‌ಗಳಲ್ಲಿ ಮೆಕ್ಲಾರೆನ್ ಗೆದ್ದದ್ದು 15. ಸೋತ ಆ ಒಂದು ರೇಸ್ ಇದೇ. ಮಿಲಾನ್‌ನ ಲಿನಾಟೆ ವಿಮಾನ ನಿಲ್ದಾಣದಲ್ಲಿ ವಿಮಾನಕ್ಕೆ ಕಾಯುತ್ತಾ ಮೆಕ್ಲಾರೆನ್ ಮುಖ್ಯಸ್ಥ ರಾನ್ ಡೆನಿಸ್, ಕಾರು ವಿನ್ಯಾಸಕಾರ ಗಾರ್ಡನ್ ಮರೆ ಮತ್ತು ಇನ್ನಿಬ್ಬರು ಮಾತಿಗೆ ಕೂತರು. ರಸ್ತೆಗೆ ಒಂದು ಕಾರು ಮಾಡೋಣ ಅಂತ ಆದದ್ದು ಅಲ್ಲಿ.

ಮರೆಯವರ ಗುರಿ ಟಾಪ್ ಸ್ಪೀಡ್ ದಾಖಲೆ ಆಗಿರಲಿಲ್ಲ. ಓಡಿಸುವವನಿಗೆ ಇದಕ್ಕಿಂತ ಚೆನ್ನಾಗಿರೋದು ಬೇರೆ ಇಲ್ಲ ಅನ್ನಿಸಬೇಕು, ಅಷ್ಟೇ. ಡ್ರೈವರ್ ಸೀಟು ನಡುವೆ ಬಂದದ್ದನ್ನೇ ತಗೊಳ್ಳಿ. ತುಂಬಾ ಜನ ಅದನ್ನು ಶೋಕಿ ಅಂದುಕೊಂಡಿದ್ದಾರೆ. ಎಂಜಿನ್ ಹಿಂದಿರುವ ಕಾರಿನಲ್ಲಿ ಸೀಟುಗಳು ಮುಂದಕ್ಕೆ ಸರಿಯುತ್ತವೆ. ಆಗ ಮುಂದಿನ ಚಕ್ರದ ಗೂಡು ಕಾಲಿಗೆ ಅಡ್ಡ ಬರುತ್ತದೆ. ಪೆಡಲ್‌ಗಳು ಪಕ್ಕಕ್ಕೆ ವಾಲುತ್ತವೆ. ನೀವು ಸೊಟ್ಟಗೆ ಕೂತು ಓಡಿಸಬೇಕು. ಡ್ರೈವರ್‌ನನ್ನು ನಡುವೆ ತಂದು ಕೂರಿಸಿದರೆ ಆ ತೊಂದರೆಯೇ ಇಲ್ಲ. ಎಡಕ್ಕೊಬ್ಬರು, ಬಲಕ್ಕೊಬ್ಬರು ಸ್ವಲ್ಪ ಹಿಂದೆ ಕೂರಬಹುದು. ಮೂರು ಸೀಟು ಬಂತು, ನೋಟ ನೇರವಾಯಿತು, ಕಾಲೂ ನೇರವಾಯಿತು.

ಎಂಜಿನ್ ಕಥೆಯೂ ಹಾಗೇ. ಮರೆ ಮೊದಲು ಕೇಳಿದ್ದು ಹೋಂಡಾವನ್ನು. ಅವರು ಒಪ್ಪಲಿಲ್ಲ. ಆಮೇಲೆ ಬಿಎಂಡಬ್ಲ್ಯೂನ ಪಾಲ್ ರೋಶೆ 6.1 ಲೀಟರ್‌ನ ವಿ12, ಅಂದರೆ 12 ಸಿಲಿಂಡರ್ ಎಂಜಿನ್, ಮಾಡಿಕೊಟ್ಟರು. ಕೇಳಿದ್ದು 550 ಹಾರ್ಸ್‌ಪವರ್, ಬಂದದ್ದು 627. ಟರ್ಬೋ ಇಲ್ಲ. ಆ ಎಂಜಿನ್ ಬಿಸಿಯಿಂದ ಕಾರಿನ ಕಾರ್ಬನ್ ಫೈಬರ್ ಮೈ ಉಳಿಯಲಿ ಅಂತ ಸುತ್ತ ಚಿನ್ನದ ಹಾಳೆ ಹೊದಿಸಿದರು. ನೋಡೋಕೆ ಆಡಂಬರ. ಆದರೆ ಶಾಖವನ್ನು ಚಿನ್ನದಷ್ಟು ಚೆನ್ನಾಗಿ ವಾಪಸ್ ಕಳಿಸುವ ವಸ್ತುಗಳು ಕಡಿಮೆ.

ಹೀಗೆ ಮಾಡಿದ ಕಾರಿಗೆ ರೇಸಿಂಗ್ ಲೆಕ್ಕದಲ್ಲೇ ಇರಲಿಲ್ಲ. ಕೊಂಡವರು ಕೆಲವರು ಹಠ ಹಿಡಿದರು. 1995ರಲ್ಲಿ ಅದರ ರೇಸ್ ರೂಪ ಲೆ ಮಾನ್ಸ್ 24 ಗಂಟೆ ರೇಸ್‌ಗೆ ಹೋಗಿ ಮೊದಲನೇ ಸ್ಥಾನ ತಂದಿತು. ಮೂರು, ನಾಲ್ಕು, ಐದನೇ ಸ್ಥಾನಗಳೂ ಎಫ್1ಗೇ.

ಈಗ ವಾರಸುದಾರರ ವಿಷಯ. ನನಗೆ ಅನ್ನಿಸುವುದು, ಅಪ್ಪನ ಆಸ್ತಿಯನ್ನು ಮಕ್ಕಳು ಪಾಲು ಮಾಡಿಕೊಂಡರು. ಮೆಕ್ಲಾರೆನ್ ಆಮೇಲೆ ಮಾಡಿದ ಕಾರುಗಳಲ್ಲಿ ಪಿ1 ತಂತ್ರಜ್ಞಾನದ ಹುಚ್ಚನ್ನು ತಗೊಂಡಿತು. ಸ್ಪೀಡ್‌ಟೇಲ್ ನಡುವಿನ ಸೀಟನ್ನೂ 106 ಎಂಬ ಸಂಖ್ಯೆಯನ್ನೂ ತಗೊಂಡಿತು. ಎಫ್1 ಒಟ್ಟು 106 ತಯಾರಾಗಿದ್ದವು, ಇವೂ ಅಷ್ಟೇ. ಗಂಟೆಗೆ 403 ಕಿ.ಮೀ. ಓಡುತ್ತದೆ, ಚೆಂದ ಇದೆ. ಆದರೆ ಅಪ್ಪನ ಕೋಟು ಹಾಕಿಕೊಂಡು ಓಡಾಡುವ ಹುಡುಗನ ಹಾಗೆ ಕಾಣುತ್ತದೆ.

ಅಪ್ಪನ ತಲೆ ಸಿಕ್ಕಿದ್ದು ಮಾತ್ರ ಟಿ.50ಗೆ. ಅದು ಮೆಕ್ಲಾರೆನ್ ಕಾರೇ ಅಲ್ಲ. ಮರೆ ತಮ್ಮದೇ ಕಂಪನಿ ಕಟ್ಟಿ 2020ರಲ್ಲಿ ತೋರಿಸಿದರು. ಸಾವಿರ ಕೆ.ಜಿ.ಗಿಂತ ಕಡಿಮೆ ತೂಕ, ನಡುವೆ ಡ್ರೈವರ್, ಕೈಯಲ್ಲಿ ಗೇರ್, 12,100 ಆರ್‌ಪಿಎಂವರೆಗೆ ತಿರುಗುವ ಕಾಸ್‌ವರ್ತ್ ವಿ12. ಹಿಂದೆ, ಕಾರಿನ ಅಡಿಯ ಗಾಳಿ ಎಳೆದು ಅದನ್ನು ನೆಲಕ್ಕೆ ಒತ್ತಿಹಿಡಿಯಲು 40 ಸೆಂ.ಮೀ. ಫ್ಯಾನ್. ಈ ಫ್ಯಾನ್‌ನ ಬೇರು 1978ರಲ್ಲಿದೆ. ಅವರೇ ಮಾಡಿದ ಬ್ರಾಬಮ್ ಫ್ಯಾನ್ ಕಾರಿನಲ್ಲಿ ನಿಕಿ ಲೌಡಾ ಸ್ವೀಡನ್ ರೇಸ್ ಗೆದ್ದಿದ್ದರು. ಆ ಕಾರು ಓಡಿದ ರೇಸ್ ಅದೊಂದೇ. ಎಫ್1ನ ಮಂಕು ಹೆಡ್‌ಲೈಟು, ಕೆಲಸಕ್ಕೆ ಬಾರದ ಎಸಿ, ಎಲ್ಲವನ್ನೂ ಮರೆ ಇಲ್ಲಿ ತಿದ್ದಿದ್ದಾರೆ. ತನ್ನ ಹಳೇ ಉತ್ತರಪತ್ರಿಕೆಯನ್ನು ತಾನೇ ತಿದ್ದಿದ ಹಾಗೆ. ಕಾರಾಗಿ ನೋಡಿದರೆ ಎಫ್1ಗಿಂತ ಟಿ.50 ಮೇಲು. ಬೈಯುವವರು ಬೈಯಿರಿ.

ಆದರೂ ನನ್ನದೊಂದು ತಕರಾರಿದೆ. ಎಫ್1 ಬಂದಾಗ ಅದು ದಂತಕಥೆ ಆಗಿರಲಿಲ್ಲ, ಮಾರಾಟವಾಗದ ದುಬಾರಿ ಕಾರಾಗಿತ್ತು. 300 ಕಾರು ಮಾಡುವ ಯೋಚನೆ ಇತ್ತು, ಅರ್ಧವೂ ಆಗಲಿಲ್ಲ. ಟಿ.50 ಮಾತ್ರ ಹುಟ್ಟುವಾಗಲೇ ದಂತಕಥೆಯ ಮಗ. ಇದ್ದದ್ದೇ ನೂರು, ಎಲ್ಲವೂ ಬೇಗ ಖಾಲಿ. ಕೊಂಡವರಿಗೆ ನಾಳೆ ಅದರ ಬೆಲೆ ಏನಾಗಬಹುದು ಅಂತ ಮೊದಲ ದಿನವೇ ಗೊತ್ತು. ಅಂಥ ಕಾರನ್ನು ಯಾರು ಮಳೆಯಲ್ಲಿ ಹೊರಗೆ ತೆಗೆಯುತ್ತಾರೆ, ಹೇಳಿ?

ನಟ ರೋವನ್ ಅಟ್ಕಿನ್ಸನ್ ತಮ್ಮ ಎಫ್1ನ್ನು ಸುಮಾರು 66,000 ಕಿ.ಮೀ. ಓಡಿಸಿದರು. ಎರಡು ಸಲ ಗುದ್ದಿದರು, ರಿಪೇರಿ ಮಾಡಿಸಿ ಮತ್ತೆ ಓಡಿಸಿದರು. 2021ರಲ್ಲಿ ಇನ್ನೊಂದು ಎಫ್1 2 ಕೋಟಿ ಡಾಲರ್‌ಗೂ ಜಾಸ್ತಿಗೆ ಹರಾಜಾಯಿತು. ಅದು ಓಡಿದ್ದು 390 ಕಿ.ಮೀ. ಮಾತ್ರ. ಇನ್ನು ಇಪ್ಪತ್ತು ವರ್ಷಕ್ಕೆ ಆ ನೂರು ಟಿ.50ಗಳ ಮೀಟರ್ ನೋಡಬೇಕು ಅಂತ ನನಗೆ ಆಸೆ. ಒಂದಾದರೂ ಅಟ್ಕಿನ್ಸನ್ ಕಾರಿನ ಹಾಗೆ ಗೀಚಿಸಿಕೊಂಡು, ಗುದ್ದಿಸಿಕೊಂಡು, ಕೆಸರು ಮೆತ್ತಿಕೊಂಡು ನಿಂತಿದ್ದರೆ, ನನ್ನ ತಕರಾರು ವಾಪಸ್.