ಹೊಸ ಮೀನಿಗೆ ಬಂದ ದಿನವೇ ಹೊಟ್ಟೆ ತುಂಬಾ ಊಟ ಬೇಡ

"ಅಂಗಡಿಯಿಂದ ತಂದ ಮೀನು ಹಸಿದಿರುತ್ತೆ, ತೊಟ್ಟಿಗೆ ಬಿಟ್ಟ ಕೂಡಲೇ ಚೆನ್ನಾಗಿ ಊಟ ಹಾಕಿ, ಇಲ್ಲದಿದ್ದರೆ ಸಾಯುತ್ತೆ" ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಪುಟ್ಟ ಮರಿಗಳನ್ನು ಬಿಟ್ಟರೆ, ಆರೋಗ್ಯವಾಗಿರುವ ಮೀನು ಒಂದೆರಡು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ.

ಪ್ಲಾಸ್ಟಿಕ್ ಚೀಲದಲ್ಲಿ ಕುಲುಕಾಡಿ ಬಂದ ಮೀನು ಮೊದಲು ಹೆದರಿ ಮೂಲೆಯಲ್ಲೋ ಗಿಡದ ಹಿಂದೆಯೋ ಅಡಗುತ್ತದೆ, ಆಗ ಹಾಕಿದ ಕಾಳು ಅದರ ಬಾಯಿಗೆ ಹೋಗದೆ ತಳಕ್ಕಿಳಿದು, ಕಲ್ಲಿನ ಸಂದಿಯಲ್ಲಿ ಉಬ್ಬಿ, ಬಿಳಿ ಬೂಸ್ಟು ಹಿಡಿದು ಕೊಳೆಯುತ್ತದೆ. ಕೊಳೆತರೆ ಅಮೋನಿಯಾ, ಅದು ಮೀನಿಗೆ ವಿಷ. ಹೊಸ ತೊಟ್ಟಿಯಲ್ಲಿ ಅದನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರೋದಿಲ್ಲ. ಮೀನು ನೀರಿನ ಮೇಲೆ ಬಂದು ಬಾಯಿ ಬಿಡುತ್ತೆ, ಅದನ್ನು ಹಸಿವು ಅಂದುಕೊಂಡು ಜನ ಇನ್ನಷ್ಟು ಹಾಕುತ್ತಾರೆ. ನೋಡೋಕೇ ಸಂಕಟ ಆಗುತ್ತೆ.

ಮೊದಲ ದಿನ ಲೈಟ್ ಆರಿಸಿ, ಸುಮ್ನೆ ಬಿಡಿ. ಮರುದಿನ ಒಂದು ಸಣ್ಣ ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಉಳಿದರೆ ಜಾಲರಿಯಲ್ಲಿ ತೆಗೆದುಬಿಡಿ.

ಇನ್ನೊಂದು ಮಾತು, ಕೆಂಪು ಹಸಿರು ಕಾಳು ಹಾಕಿದರೆ ಮೀನಿಗೆ ಬಣ್ಣ ಬರುತ್ತೆ ಅಂತ. ಎಷ್ಟೋ ಸಲ ಆ ಬಣ್ಣ ಕೊಳ್ಳುವವರ ಕಣ್ಣಿಗೆ ಹಾಕಿದ್ದು ಅಷ್ಟೇ. ಮೀನಿನ ಬಣ್ಣ ಹೆಚ್ಚಿಸೋದು ಸ್ಪಿರುಲಿನಾ ಅನ್ನೋ ಪಾಚಿ, ಸೀಗಡಿ, ಅಸ್ಟಾಕ್ಸಾಂತಿನ್ ಅನ್ನೋ ಕೆಂಪು ಬಣ್ಣದ ಅಂಶ, ಈ ಥರದವು. ಡಬ್ಬದ ಹಿಂದಿನ ಪಟ್ಟಿ ಓದಿ: ಮೊದಲ ಹೆಸರು ಮೀನೋ ಸೀಗಡಿಯೋ ಆಗಿದ್ದರೆ ಒಳ್ಳೆಯದು, ಗೋಧಿ ಹಿಟ್ಟಾದರೆ ಬೇಡ. ಗೋಲ್ಡ್‌ಫಿಶ್‌ಗೆ ಸೊಪ್ಪಿನಂಶವೂ ಬೇಕು, ಬೆಟ್ಟಾ (ಫೈಟರ್ ಫಿಶ್) ಆದರೋ ಹುಳು ತಿನ್ನುವ ಮೀನು. ಪಾಲಿಥಿನ್ ಕವರಿನಲ್ಲಿ ತೂಕ ಹಾಕಿ ಕೊಡೋ ಕಾಳಿಗೆ ತಾರೀಖೇ ಇರಲ್ಲ, ಅಲ್ವಾ? ಡಬ್ಬ ತೆರೆದ ಮೇಲೆ ವಿಟಮಿನ್ ಸಿ ಕಡಿಮೆಯಾಗುತ್ತಾ ಹೋಗುತ್ತದೆ, ಹಾಗಾಗಿ ಒಂದೆರಡು ತಿಂಗಳಲ್ಲಿ ಮುಗಿಯುವ ಚಿಕ್ಕ ಡಬ್ಬ ತನ್ನಿ.